ಬಾಯಿಲ್ಲದ ಜ್ವಾಲಾಮುಖಿಯ ಮೇಲೆ ಒಂದು ದಿನ: ಮಕ್ಕಳು, ಹಿರಿಯರ ಜೊತೆ ಪನ್ಹಾಳಾ ಮತ್ತು ಮಸಾಯಿ ಪಠಾರ

ಮೊದಲೇ ಹೇಳಿಬಿಡುತ್ತೇನೆ. ಕೊಲ್ಲಾಪುರದ ಕಡೆ ಹಳೇ ಜ್ವಾಲಾಮುಖಿ ನೋಡೋಣ ಅಂತ ಹೊರಟರೆ ಅದರ ಬಾಯಿ ಎಲ್ಲೂ ಸಿಗುವುದಿಲ್ಲ. ಇದೇ ವಿಷಯಕ್ಕೆ ನನ್ನ ಆರು ವರ್ಷದ ಮಗಳು ಸಿಟ್ಟಾಗಿ ಅರ್ಧ ದಾರಿ ಮಾತಾಡಲಿಲ್ಲ. ಅವಳ ಪುಸ್ತಕದ ಚಿತ್ರದಲ್ಲಿ ಗುಡ್ಡದ ತುದಿಗೆ ಬಟ್ಟಲಿನಂಥ ತಗ್ಗು, ಅದರೊಳಗೆ ಕೆಂಪು ಬೆಂಕಿ. ನಾನೋ "ಜ್ವಾಲಾಮುಖಿ ಕಲ್ಲಿನ ಮೇಲೆ ನಡೆಯೋಣ ಬಾ" ಅಂತ ಆಸೆ ಹುಟ್ಟಿಸಿದ್ದೆ. ಜ್ಯೋತಿಬಾ ಗುಡ್ಡ ಕಂಡ ಕೂಡಲೇ "ಅಪ್ಪಾ, ಅದರ ಬಾಯಿ ಎಲ್ಲೈತಿ?" ಅಂದಳು. ಇಲ್ಲ ಪುಟ್ಟಾ, ಬಾಯಿ ಇಲ್ಲ, ನೀನು ನಿಂತಿರೋ ನೆಲವೇ ಲಾವಾ ಅಂದರೆ ನಂಬಬೇಕಲ್ಲ.

ನಾವು ಗಡಹಿಂಗ್ಲಜದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮೊದಲು ಪನ್ಹಾಳಾ ಕೋಟೆ, ಆಮೇಲೆ ಮಸಾಯಿ ಪಠಾರ (ಪಠಾರ ಅಂದರೆ ಗುಡ್ಡದ ಮೇಲಿನ ಮಟ್ಟಸ ಬಯಲು), ಈ ದಾರಿಯನ್ನು ಅವ್ವ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಮೂರು ಸಲ ಮಾಡಿದ್ದೇನೆ. ಮೊದಲ ಸಲ ಪೂರ್ತಿ ತಪ್ಪು ಮಾಡಿದೆ, ಎರಡನೇ ಸಲ ಅರ್ಧ. ಮೂರನೇ ಸಲ ಸರಿಯಾಯಿತು. ಆ ಮೂರನೇ ಸಲದ ಲೆಕ್ಕ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ನಿಪ್ಪಾಣಿ, ಸಂಕೇಶ್ವರ, ಜತ್ತ, ಸೊಲ್ಲಾಪುರ ಯಾವ ಕಡೆಯಿಂದ ಬಂದರೂ ಕೊಲ್ಲಾಪುರದಿಂದ ಮುಂದಿನ ದಾರಿ ಎಲ್ಲರಿಗೂ ಒಂದೇ.

ಹೊರಡುವ ಮೊದಲು ಮಕ್ಕಳಿಗೆ ಹೇಳಬೇಕಾದ ಕಥೆ

ಇದನ್ನು ಹಿಂದಿನ ರಾತ್ರಿಯೇ ಹೇಳಿ. ಇಲ್ಲದಿದ್ದರೆ ಅಲ್ಲಿ ಅವರಿಗೆ ಬರೀ ಕಲ್ಲು ಕಾಣುತ್ತದೆ.

ಜ್ವಾಲಾಮುಖಿ ಅನ್ನೋ ಮಾತಿನಲ್ಲೇ ಮುಖ ಇದೆ. ಆದರೆ ನಮ್ಮ ಕಡೆಯ ಲಾವಾಕ್ಕೆ ಮುಖವಿರಲಿಲ್ಲ. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ, ಹಾಗೆ ನೆಲ ಉದ್ದಕ್ಕೂ ಸೀಳಿ, ಆ ಸೀಳುಗಳಿಂದ ಲಾವಾ ಉಕ್ಕಿತು. ಸುಮಾರು 6.6 ಕೋಟಿ ವರ್ಷದ ಹಿಂದಿನ ಮಾತು ಇದು, ಡೈನೋಸಾರ್‌ಗಳ ಕೊನೆಗಾಲ. ಆಗ ಭಾರತದ ನೆಲ ದಕ್ಷಿಣದ ಕಡೆ ಹಿಂದೂ ಮಹಾಸಾಗರದಲ್ಲಿ, ಈಗ ರಿಯೂನಿಯನ್ ದ್ವೀಪ ಇರುವ ಬಿಸಿ ಜಾಗದ ಮೇಲೆ ಹಾದು ಉತ್ತರಕ್ಕೆ ಸರಿಯುತ್ತಿತ್ತು. ಆ ದ್ವೀಪದ ಜ್ವಾಲಾಮುಖಿ ಈಗಲೂ ಉಗುಳುತ್ತಲೇ ಇದೆ. ಇಲ್ಲಿ ಉಕ್ಕಿದ ಲಾವಾ ಗಟ್ಟಿಯಾಗಿ ಗುಡ್ಡ ಕಟ್ಟುವ ಜಾತಿಯದಲ್ಲ, ತೆಳ್ಳಗೆ ಹರಿಯುವ ಜಾತಿ. ಗಾಣದಲ್ಲಿ ಕೊಪ್ಪರಿಗೆಯಿಂದ ಬಿಸಿ ಬೆಲ್ಲದ ಪಾಕ ಸುರಿದರೆ ಹೇಗೆ ಮಟ್ಟಸವಾಗಿ ಹರಡುತ್ತದೋ ಹಾಗೆ. ಒಂದು ಪದರ ಹರಿದು ಆರಿತು, ಮತ್ತೆ ಇನ್ನೊಂದು, ಅದರ ಮೇಲೆ ಮತ್ತೊಂದು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಸಹ್ಯಾದ್ರಿಯ ಕೆಲವು ಕಡೆ ಒಟ್ಟು ದಪ್ಪ 2 ಕಿಲೋಮೀಟರ್ ದಾಟುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಇದೇ ಹಾಸು. ಗೋಲಗುಮ್ಮಟ ಕಟ್ಟಿದ್ದು ಇದೇ ಕಪ್ಪು ಕಲ್ಲಿನಿಂದ. ನಾವು ಜೋಳ ಬೆಳೆಯುವ ಎರೆಮಣ್ಣು ಕೂಡ ಇದೇ ಕಲ್ಲು ಪುಡಿಯಾಗಿ ಆದದ್ದು. ಅಂದರೆ ನಿಮ್ಮ ತಟ್ಟೆಯ ರೊಟ್ಟಿಗೂ ಲಾವಾದ ನಂಟಿದೆ. ಮಗಳ ಸಿಟ್ಟು ಸ್ವಲ್ಪ ಇಳಿದದ್ದು ಈ ರೊಟ್ಟಿ ಮಾತಿಗೇ.

ಬಾಯಿ ನೋಡಲೇಬೇಕು ಅಂತ ಹಟ ಹಿಡಿದರೆ ಬುಲಢಾಣಾ ಜಿಲ್ಲೆಯ ಲೋಣಾರ್ ಇದೆ. ಸುಮಾರು 1.8 ಕಿ.ಮೀ. ಅಗಲದ ದುಂಡನೆಯ ತಗ್ಗು, ನಡುವೆ ಉಪ್ಪು ಕೆರೆ. ಅದನ್ನೂ ಜನ ಬಹಳ ಕಾಲ ಜ್ವಾಲಾಮುಖಿಯ ಬಾಯಿ ಅಂದುಕೊಂಡಿದ್ದರು. ಅಸಲಿಗೆ ಅದು ಇದೇ ಲಾವಾ ಹಾಸಿನ ಮೇಲೆ ಉಲ್ಕೆ ಬಿದ್ದು ಆದ ಗುಂಡಿ. ನಮಗದು ತುಂಬಾ ದೂರ, ಒಂದು ದಿನದಲ್ಲಿ ಆಗುವ ಕೆಲಸವಲ್ಲ.

ಯಾವಾಗ ಹೋಗಬೇಕು

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ನನ್ನ ಮಟ್ಟಿಗೆ ಬೇರೆ ಉತ್ತರವೇ ಇಲ್ಲ. ಜುಲೈನಲ್ಲಿ ಮಳೆ, ಗಾಳಿ, ಮಂಜು ಮೂರೂ ಸೇರಿ ಎದುರಿನವರ ಮುಖ ಕಾಣುವುದಿಲ್ಲ. ಮೇಲಾಗಿ 1660ರ ಜುಲೈ ರಾತ್ರಿ ಶಿವಾಜಿ ಮಹಾರಾಜರು ಬಿಜಾಪುರದ ಸರದಾರ ಸಿದ್ದಿ ಜೌಹರನ ಮುತ್ತಿಗೆಯಿಂದ ತಪ್ಪಿಸಿಕೊಂಡು ಪನ್ಹಾಳಾದಿಂದ ವಿಶಾಳಗಡಕ್ಕೆ ಹೋದ ದಾರಿ ಇದು. ಮಹಾರಾಜರ ಸರದಾರ ಬಾಜಿಪ್ರಭು ದೇಶಪಾಂಡೆ ಪಾವನಖಿಂಡಿಯಲ್ಲಿ ವೈರಿಯನ್ನು ತಡೆದು ಪ್ರಾಣ ಬಿಟ್ಟದ್ದು ಆಗಲೇ. ಆ ನೆನಪಿಗೆ ಪ್ರತಿ ಜುಲೈ ತಂಡತಂಡವಾಗಿ ಜನ ನಡೆಯುತ್ತಾರೆ. ಅದು ದೊಡ್ಡವರ ನಡಿಗೆ. ಸಣ್ಣ ಮಕ್ಕಳಿದ್ದರೆ ಆ ದಿನಗಳು ಬೇಡ.

ನವೆಂಬರ್‌ನಿಂದ ಫೆಬ್ರುವರಿವರೆಗೂ ಹೋಗಬಹುದು, ತಂಪಿರುತ್ತದೆ, ಆದರೆ ಹುಲ್ಲು ಒಣಗಿ ಹೂವು ಮುಗಿದಿರುತ್ತವೆ. ಏಪ್ರಿಲ್, ಮೇ ಬೇಡವೇ ಬೇಡ. ಪಠಾರದ ಮೇಲೆ ನೆರಳೇ ಇಲ್ಲ. ಇನ್ನು ಚೈತ್ರ ಹುಣ್ಣಿಮೆಗೆ ಜ್ಯೋತಿಬಾ ಯಾತ್ರೆ, ಆಗ ಇಡೀ ಆ ಕಡೆಯ ರಸ್ತೆ ಗುಲಾಲಿನಲ್ಲಿ ಮುಳುಗಿರುತ್ತದೆ. ಜ್ಯೋತಿಬಾ ನಮ್ಮ ಮನೆದೇವರು, ನಾನು ಆ ದಿನವೂ ಹೋಗಿದ್ದೇನೆ, ಆದರೆ ಅದೇ ದಿನ ಕಲ್ಲು ನೋಡೋಕೆ ಹೋಗುವವನು ಹುಚ್ಚ. ಭಾನುವಾರ ತಪ್ಪಿಸಿ, ಶನಿವಾರ ಪರವಾಗಿಲ್ಲ.

ಏನು ಕಟ್ಟಿಕೊಳ್ಳಬೇಕು

ನೀರು. ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ಒಂದು. ಪಠಾರದ ಹೊಂಡಗಳಲ್ಲಿ ನೀರಿರುತ್ತದೆ, ಅದು ದನಗಳಿಗೆ. ಮೊದಲ ಸಲ ನಾನು ಮೇಲೆ ಏನಾದರೂ ಅಂಗಡಿ ಇರುತ್ತೆ ಬಿಡು ಅಂದುಕೊಂಡು ಒಂದೇ ಬಾಟಲಿ ಒಯ್ದಿದ್ದೆ. ಇರಲಿಲ್ಲ. ಅವ್ವ ಇವತ್ತಿಗೂ ನೆಂಟರ ಮುಂದೆ ಆ ಕಥೆ ಹೇಳುತ್ತಾಳೆ.

ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಸಾಕು. ಮಧ್ಯಾಹ್ನದ ಊಟ ಪನ್ಹಾಳಾದಲ್ಲೇ ಆಗುತ್ತದೆ. ಕಾಲಿಗೆ ಬೂಟು, ಅದೂ ಅಡಿಗೆ ಹಲ್ಲಿರುವ ಬೂಟು. ಮಳೆಗಾಲದಲ್ಲಿ ಕೆಂಪು ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಚಪ್ಪಲಿ ಹಾಕಿದವರು ಬೀಳುವುದು ಖಾತ್ರಿ. ಕೊಡೆ ಬೇಡ, ಅಲ್ಲಿಯ ಗಾಳಿಗೆ ಒಂದೇ ನಿಮಿಷದಲ್ಲಿ ಮಗುಚುತ್ತದೆ, ರೇನ್‌ಕೋಟ್ ಬೇಕು. ಮಕ್ಕಳಿಗೆ ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಕಾರಿನಲ್ಲೇ ಇರಲಿ. ಒಂದು ಭೂತಗನ್ನಡಿ ಸಿಕ್ಕರೆ ತಗೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಫೋನಿನಲ್ಲಿ ಆ ಜಾಗದ ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ.

ಬೆಳಿಗ್ಗೆ ಆರರಿಂದ ಹತ್ತು: ಕೊಲ್ಲಾಪುರ ದಾಟಿ ಪನ್ಹಾಳಾ

ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿ.ಮೀ., ಬೆಳಗಾವಿಯಿಂದ ಸುಮಾರು 110. ಕೊಲ್ಲಾಪುರದಿಂದ ಪನ್ಹಾಳಾ ಬರೀ 20 ಕಿ.ಮೀ. ಪಂಚಗಂಗಾ ದಾಟಿ ರತ್ನಾಗಿರಿ ರಸ್ತೆ ಹಿಡಿಯಿರಿ, ವಾಘಬೀಳದಲ್ಲಿ ಪನ್ಹಾಳಾಕ್ಕೆ ತಿರುವು. ಕಾರಿಲ್ಲದವರಿಗೆ ಕೊಲ್ಲಾಪುರದಿಂದ ಎಸ್‌ಟಿ ಬಸ್ಸು ಇದೆ. ಪಠಾರಕ್ಕೆ ಮಾತ್ರ ಮೇಲಿಂದ ಬಾಡಿಗೆ ಗಾಡಿ ಮಾಡಿಕೊಳ್ಳಬೇಕಾಗುತ್ತದೆ, ಅದರಲ್ಲಿ ಕಾಯುವ ಹೊತ್ತಿನ ದುಡ್ಡನ್ನೂ ಮೊದಲೇ ಮಾತಾಡಿಕೊಳ್ಳಿ.

ಘಾಟ್ ಏರುವಾಗ ಮಕ್ಕಳನ್ನು ಕಿಟಕಿ ಕಡೆ ಕೂರಿಸಿ. ಎದುರಿನ ಗುಡ್ಡಗಳನ್ನು ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಕಡಿದಾದ ಗೋಡೆ, ಅದರ ಕೆಳಗೆ ಇಳಿಜಾರು, ಮತ್ತೆ ಗೋಡೆ, ಮತ್ತೆ ಇಳಿಜಾರು. ಒಂದೊಂದು ಲಾವಾ ಹರಿವಿನಲ್ಲೂ ನಡುವಿನ ಭಾಗ ಗಟ್ಟಿ, ಅದು ಮಳೆಗೆ ಬೇಗ ಕರಗದೆ ಗೋಡೆಯಾಗಿ ನಿಲ್ಲುತ್ತದೆ. ಮೇಲಿನ ಭಾಗದಲ್ಲಿ ಗಾಳಿಗುಳ್ಳೆ ಜಾಸ್ತಿ, ಅದು ಬೇಗ ಸವೆದು ಇಳಿಜಾರಾಗುತ್ತದೆ. ಈ ಲಾವಾ ಹಾಸನ್ನೇ ಡೆಕ್ಕನ್ ಟ್ರ್ಯಾಪ್ ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಆ ಟ್ರ್ಯಾಪ್ ಅಂದರೆ ಬಲೆ ಅಲ್ಲ, ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ ಇರುವ ಮಾತಿನಿಂದ ಬಂದದ್ದು. ಕೋಟೆ ಕಟ್ಟಿದವರು ಇದೇ ಮೆಟ್ಟಿಲನ್ನು ಬಳಸಿಕೊಂಡರು. ಅರ್ಧ ಗೋಡೆ ಲಾವಾವೇ ಕಟ್ಟಿಕೊಟ್ಟಿತ್ತು, ಮಿಕ್ಕ ಅರ್ಧ ಮನುಷ್ಯರು ಏರಿಸಿದರು ಅಷ್ಟೇ.

ಜ್ಯೋತಿಬಾ ಗುಡ್ಡ ತುದಿ ಮೊಟಕಾದ ಗೋಪುರದ ಹಾಗೆ ಕಾಣುವುದೂ ಇದಕ್ಕೇ. ಅದು ತಾನಾಗಿ ಎದ್ದ ಜ್ವಾಲಾಮುಖಿಯಲ್ಲ, ಸುತ್ತಲಿನ ಪದರವೆಲ್ಲ ಕೊಚ್ಚಿಹೋಗಿ ಉಳಿದ ತುಣುಕು. ಮಗಳಿಗೆ ಇದನ್ನು ಕೇಕಿನ ಲೆಕ್ಕದಲ್ಲಿ ಹೇಳಿದೆ, ಸುತ್ತಲೂ ತಿಂದು ನಡುವಿನ ತುಂಡು ಬಿಟ್ಟ ಹಾಗೆ. ತಕ್ಷಣ ಅರ್ಥವಾಯಿತು, ಜೊತೆಗೆ ಕೇಕೂ ಬೇಕಾಯಿತು.

ಪನ್ಹಾಳಾ ಸಮುದ್ರಮಟ್ಟದಿಂದ 3,000 ಅಡಿಗಿಂತ ಎತ್ತರ. ಶಿಲಾಹಾರ ಮನೆತನದ ರಾಜ ಎರಡನೇ ಭೋಜ ಕಟ್ಟಿಸಿದ ಕೋಟೆ. ಈ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಸಿದವರು, ಹಾಗಾಗಿ ನಮಗೆ ಪರಕೀಯ ಜಾಗವೇನಲ್ಲ. 2025ರ ಜುಲೈನಲ್ಲಿ ಮರಾಠರ 12 ಕೋಟೆಗಳನ್ನು ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರಲ್ಲ, ಅದರಲ್ಲಿ ಇದೂ ಒಂದು. ಮೇಲೆ ಹತ್ತಿದ ಕೂಡಲೇ ಶೌಚಾಲಯದ ಕೆಲಸ ಎಲ್ಲರೂ ಮುಗಿಸಿ. ಪಠಾರದ ಮೇಲೆ ಆ ಸೌಕರ್ಯ ನೆಚ್ಚಿಕೊಳ್ಳಬೇಡಿ.

ನೇರವಾಗಿ ಪಶ್ಚಿಮದ ಕಡೆಯ ಪುಸಾಟಿ ಬುರುಜಿಗೆ ಹೋಗಿ. ಬೆಳಿಗ್ಗೆ ಮಂಜಿರುತ್ತದೆ, ಒಂಬತ್ತೂವರೆ ಹತ್ತಕ್ಕೆ ಕರಗುತ್ತದೆ, ಆಗ ದೂರದಲ್ಲಿ ಚಾಪೆ ಹಾಸಿದ ಹಾಗೆ ಕಾಣುವುದೇ ಮಸಾಯಿ ಪಠಾರ. ನಾನು ಇದನ್ನು ಮೊದಲು ಮಾಡಿ ಅನ್ನುವುದಕ್ಕೆ ಕಾರಣವಿದೆ. ಮೇಲೆ ನಡೆಯುವಾಗ ಅದರ ಆಕಾರ ಗೊತ್ತಾಗುವುದಿಲ್ಲ. ಇಲ್ಲಿಂದ ನೋಡಿದರೆ ಅದರ ತಲೆ, ನಾವು ನಿಂತ ಪನ್ಹಾಳಾದ ತಲೆ, ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ ಅಂತ ಕಾಣುತ್ತದೆ. ಒಂದು ಕಾಲಕ್ಕೆ ಎಲ್ಲ ಒಂದೇ ಹಾಸು, ನಡುವಿನ ಕಣಿವೆ ನೀರು ಕೊರೆದದ್ದು. ಬುರುಜಿನ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಅವ್ವ ಅಲ್ಲಿ ಗೋಡೆಯ ಕಲ್ಲನ್ನು ಸವರಿ, "ಇದು ನಮ್ಮ ಬೀಸೂಕಲ್ಲಿನ ಕಲ್ಲ ಅಲ್ಲೇನೋ ತಮ್ಮಾ?" ಅಂದಳು. ಹೌದು, ಅದೇ. ನಾನು ಅಷ್ಟೆಲ್ಲ ಓದಿಕೊಂಡು ಹೇಳಿದ್ದನ್ನು ಅವಳು ಅಂಗೈಯಲ್ಲೇ ಹೇಳಿಬಿಟ್ಟಳು.

ಹತ್ತೂವರೆಯಿಂದ ಒಂದು: ಪಠಾರದ ಮೇಲೆ

ಪನ್ಹಾಳಾದಿಂದ ಇಳಿದು ಬುಧವಾರ ಪೇಠ, ಮ್ಹಾಳುಂಗೆ ಕಡೆಯಿಂದ ಮಸಾಯಿವಾಡಿಗೆ ಹೋಗುತ್ತದೆ ದಾರಿ. ಕೊನೆಯ ತುಂಡು ಕಿರಿದು, ಎದುರು ಗಾಡಿ ಬಂದರೆ ಹಿಂದೆ ಸರಿಯಬೇಕು. ಮಳೆ ಜೋರಿದ್ದರೆ ಊರಲ್ಲೇ ಯಾರನ್ನಾದರೂ ಕೇಳಿ ಮುಂದೆ ಹೋಗಿ. ಈ ಕಡೆಯ ರಸ್ತೆಗಳನ್ನು ಲಘುವಾಗಿ ತೆಗೆದುಕೊಳ್ಳಬೇಡಿ, 2021ರ ಜುಲೈ ಮಳೆಗೆ ಪನ್ಹಾಳಾದ ಮುಖ್ಯ ರಸ್ತೆಯೇ ಕುಸಿದಿತ್ತು.

ಕಾರನ್ನು ಪಠಾರದ ಅಂಚಿನಲ್ಲೇ ಬಿಡಿ. ದಯವಿಟ್ಟು. ಹುಲ್ಲಿನ ಮೇಲೆ ಗಾಡಿ ಓಡಿಸಿ ರೀಲ್ ಮಾಡುವವರನ್ನು ನೋಡಿದ್ದೇನೆ. ಅಲ್ಲಿಯ ಮಣ್ಣು ಎಷ್ಟೋ ಕಡೆ ಬೆರಳಿನಷ್ಟೂ ದಪ್ಪ ಇಲ್ಲ, ಒಮ್ಮೆ ಚಕ್ರ ಕಿತ್ತರೆ ಕೆಳಗೆ ಬರೀ ಕಲ್ಲು. ಜಾಗ ಈಗ ಸಂರಕ್ಷಣಾ ಮೀಸಲು ಅಂತ ಘೋಷಣೆಯೂ ಆಗಿದೆ.

ಇಲ್ಲಿಂದ ಮಸಾಯಿ ದೇವಿಯ ಗುಡಿಯ ಕಡೆ ನಡೆಯಿರಿ. ಪೂರ್ತಿ ಮಟ್ಟಸ. ಏರಿಲ್ಲ, ಇಳಿವಿಲ್ಲ, ಅವ್ವನ ಮಂಡಿನೋವಿಗೂ ತಕರಾರಿಲ್ಲ. ಬೇಗ ನಡೆಯುವವರು ಬೇಗ ಮುಗಿಸುತ್ತಾರೆ, ಮಕ್ಕಳ ಜೊತೆ ಹೋಗಿಬರಲು ಎರಡು, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಯಾಕೆಂದರೆ ಇಲ್ಲಿ ನಡೆಯೋದಕ್ಕಿಂತ ಕೂತು ನೋಡೋದೇ ಜಾಸ್ತಿ.

ಮೊದಲು ಕಾಲಡಿಯ ಕಲ್ಲು. ಅದು ಕಪ್ಪಗಿಲ್ಲ, ಕೆಂಪಗಿದೆ. ಮಂಗಳೂರು, ಕಾಸರಗೋಡಿನ ಕಡೆ ಮನೆ ಕಟ್ಟುವ ಮುರಕಲ್ಲು ಗೊತ್ತಲ್ಲ, ಅದೇ. ಜಂಬಿಟ್ಟಿಗೆ ಅಂತಲೂ ಅನ್ನುತ್ತಾರೆ, ಇಲ್ಲಿ ಮರಾಠಿಯಲ್ಲಿ ಜಾಂಭಾ. ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮಲಬಾರಿನಲ್ಲಿ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ಕಂಡು, 1807ರ ತನ್ನ ಪುಸ್ತಕದಲ್ಲಿ ಇಟ್ಟಿಗೆಗೆ ಇರುವ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಲಾವಾ ಕಲ್ಲೇ ಬಹುಕಾಲ ಬಿಸಿಲು, ಮಳೆಗೆ ಸಿಕ್ಕಿ ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದಾಗ ಹೀಗಾಗುತ್ತದೆ. ಕೆಂಪು ಅಂದರೆ ತುಕ್ಕು, ಅಷ್ಟೇ. ಲಾವಾದ ಮೇಲೆ ಕೂತ ತುಕ್ಕಿನ ಟೊಪ್ಪಿಗೆ ಅಂದುಕೊಳ್ಳಿ. ಬೀದರಿನಲ್ಲಿ ನೆಲದಡಿ ನೀರು ಹರಿಸುವ ಕರೇಜ್ ಕೊರೆದದ್ದು ಇದೇ ಕಲ್ಲಿನಲ್ಲಿ. ತೂತು ತೂತಾಗಿರುವುದರಿಂದ ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ, ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಲ್ಲಿ ನೀರು ನಿಂತು ಪಕ್ಕಕ್ಕೆ ಒಸರುತ್ತದೆ. ಇಂಥ ಗುಡ್ಡಗಳ ಅಂಚಿನಲ್ಲಿ ಝರಿಗಳು ಕಾಣುವುದು ಅದಕ್ಕೇ. ನೀರು ಕುಡಿದ ಆ ಜೇಡಿ ಜಾರಿದರೆ ಮೇಲಿದ್ದದ್ದೂ ಜಾರುತ್ತದೆ.

ಈಗ ಭೂತಗನ್ನಡಿ ತೆಗೆಯಿರಿ. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತ ಕಡೆ ನೀಲಿ ನೇರಳೆಯ ಪುಟಾಣಿ ಹೂವಿನ ಹಾಸು ಇರುತ್ತದೆ. ಮರಾಠಿಯವರು ಸೀತೆಯ ಕಣ್ಣೀರು ಅನ್ನುತ್ತಾರೆ. ಹೆಸರು ಕೇಳಿ ಕರುಣೆ ಬರುತ್ತದೆ, ಆದರೆ ಗಿಡ ಹುಳ ತಿನ್ನುವ ಜಾತಿಯದು. ಒದ್ದೆ ನೆಲದೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನು ಬಿಟ್ಟಿರುತ್ತದೆ, ಹತ್ತಿರ ಬಂದ ಕಣ್ಣಿಗೆ ಕಾಣದಂಥ ಜೀವಿಗಳನ್ನು ಚೀಲ ಪಟ್ಟನೆ ಒಳಗೆಳೆದುಕೊಳ್ಳುತ್ತದೆ. ಬಂಡೆಯ ಮೇಲಿನ ಆ ಚೂರು ಮಣ್ಣಿನಲ್ಲಿ ಸಾರವಿಲ್ಲ, ಮತ್ತೇನು ಮಾಡಬೇಕು ಅದು? ಬಿಳಿ ಗುಂಡಿಯ ಹಾಗೆ ಕಡ್ಡಿ ತುದಿಗೆ ಕೂತಿರುವ ಹೂವು, ಹಳದಿ ಸೋನಕಿ, ಗುಲಾಬಿ ಬಣ್ಣದ ಕರ್ಣಕುಂಡಲದ ಜಾತಿಯವು, ಮಿಕ್ಕಿ ಮೌಸ್ ಮುಖದಂಥ ಹಳದಿ ಹೂವು, ಒಂದೊಂದು ವಾರಕ್ಕೆ ಒಂದೊಂದು ಬಣ್ಣ. ಮಗಳು ಜ್ವಾಲಾಮುಖಿಯ ಬಾಯಿ ಮರೆತದ್ದು ಇಲ್ಲೇ. ಹುಳ ತಿನ್ನೋ ಹೂವಿನ ಮುಂದೆ ಮೊಣಕಾಲೂರಿ ಕೂತವಳನ್ನು ಎಬ್ಬಿಸಲು ಹೋಳಿಗೆಯ ಲಂಚ ಬೇಕಾಯಿತು. ಹೂವು ಕೀಳಬಾರದು, ಕಲ್ಲು ಮಗುಚಬಾರದು. ಕಲ್ಲಿನ ಕೆಳಗೆ ಚೇಳು, ಹಾವು ಇರುತ್ತವೆ, ಅದೂ ಒಂದು ಕಾರಣ.

ಇನ್ನು ಹುಷಾರಿನ ಮಾತು. ಗುಡುಗು ಕೇಳಿಸಿದರೆ ವಾಪಸ್ ಹೊರಡಿ, ಮಿಂಚು ಕಾಣುವವರೆಗೆ ಕಾಯಬೇಡಿ. ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕಿಟಕಿ ಏರಿಸಿ ಕಾರಿನೊಳಗೆ ಕೂರಿ. ಸೆಪ್ಟೆಂಬರ್ ಮಧ್ಯಾಹ್ನದ ಮಳೆ ಗುಡುಗು ಜೊತೆಗೇ ಬರುತ್ತದೆ, ಹಾಗಾಗಿಯೇ ಒಂದು ಗಂಟೆಯೊಳಗೆ ಇಳಿದುಬಿಡಿ ಅನ್ನುತ್ತಿದ್ದೇನೆ.

ಎರಡನೆಯದು ಮಂಜು. ಎರಡನೇ ಸಲ ಹೋದಾಗ ಹತ್ತೇ ನಿಮಿಷದಲ್ಲಿ ಬಿಳಿ ಗೋಡೆ ಕಟ್ಟಿದ ಹಾಗಾಯಿತು, ಹಿಂದೆ ಗುಡಿ ಇಲ್ಲ, ಮುಂದೆ ಕಾರಿಲ್ಲ, ಎಲ್ಲ ದಿಕ್ಕೂ ಒಂದೇ ಥರ, ನಾನು ಗಂಡಸಿನ ಜಂಬದಲ್ಲಿ "ಹೀಗೇ ಬನ್ನಿ" ಅಂತ ನಡೆದು ನಡೆದು ಕೊನೆಗೆ ನೋಡಿದರೆ ಪಠಾರದ ಇನ್ನೊಂದು ಅಂಚಿನ ಹತ್ತಿರ ನಿಂತಿದ್ದೆ, ಕೆಳಗೆ ನೇರ ಪ್ರಪಾತ. ಹೆಂಡತಿ ಒಂದು ಮಾತೂ ಆಡಲಿಲ್ಲ, ಆಡಿದ್ದರೇ ಚೆನ್ನಾಗಿತ್ತು. ಆಮೇಲೆ ಎಲ್ಲರೂ ಅಲ್ಲೇ ಕೂತೆವು. ಅರ್ಧ ಗಂಟೆಗೆ ಮಂಜು ಸರಿಯಿತು. ಅದೇ ಸರಿಯಾದ ದಾರಿ. ಮಂಜು ಬಂದರೆ ನಡೆಯಬೇಡಿ, ಕೂರಿ. ಕಾರು ಬಿಟ್ಟ ಜಾಗವನ್ನು ಹೊರಡುವ ಮೊದಲೇ ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ಮಧ್ಯಾಹ್ನ: ಊಟ, ಬಾವಿ, ವಾಪಸ್

ಪನ್ಹಾಳಾಕ್ಕೆ ಮರಳಿ ಝುಣಕಾ ಭಾಕರಿ ಊಟ ಮಾಡಿ, ಜೊತೆಗೆ ಖರ್ಡಾ, ಗಟ್ಟಿ ಮೊಸರು. ಮಕ್ಕಳ ತಟ್ಟೆಗೆ ಖರ್ಡಾ ಹಾಕಬೇಡಿ ಅಂತ ಬಡಿಸುವಾಗಲೇ ಹೇಳಿ, ಅದು ಬರೀ ಹಸಿಮೆಣಸಿನಕಾಯಿ.

ಊಟದ ಮೇಲೆ ಒಂದು ಗಂಟೆ ಉಳಿದರೆ ತೀನ ದರ್ವಾಜಾ ಎಂಬ ಕೋಟೆ ಬಾಗಿಲು, ಅದರ ಪಕ್ಕದ ಅಂಧಾರ ಬಾವಡಿ ಎರಡೇ ಸಾಕು. ಅಂಬರಖಾನಾ, ಸಜ್ಜಾ ಕೋಠಿ ಎಲ್ಲ ಒಂದೇ ದಿನದಲ್ಲಿ ತುರುಕಬೇಡಿ, ಆರು ವರ್ಷದವರಿಗೆ ಮೂರನೇ ಕಟ್ಟಡದ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಅಂಧಾರ ಬಾವಡಿ ಮೂರು ಅಂತಸ್ತಿನ ಬಾವಿ, ಹೊರಗಿಂದ ನೋಡಿದರೆ ಬಾವಿ ಅಂತಲೇ ಗೊತ್ತಾಗುವುದಿಲ್ಲ. ಒಳಗೆ ಕತ್ತಲು, ಮೆಟ್ಟಿಲು ಜಾರುತ್ತವೆ. ಅವ್ವ ಮೇಲೆಯೇ ಕೂತಳು, ನಾವು ಒಬ್ಬೊಬ್ಬ ದೊಡ್ಡವರು ಒಂದೊಂದು ಮಗುವಿನ ಕೈ ಹಿಡಿದು ಇಳಿದೆವು.

ನಾಲ್ಕಕ್ಕೆ ಗುಡ್ಡ ಇಳಿಯಿರಿ. ಅಕ್ಟೋಬರ್ ದಾಟಿ ಹೋಗುವವರಿದ್ದರೆ ಕಬ್ಬಿನ ಹಂಗಾಮು ಶುರುವಾಗಿರುತ್ತದೆ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ಲೈಟಿಲ್ಲದೆ ಹೋಗುತ್ತಿರುತ್ತವೆ, ಕತ್ತಲಾಗುವ ಮೊದಲು ಹೆದ್ದಾರಿ ಸೇರುವುದು ಒಳ್ಳೆಯದು. ಬೂಟಿಗೆ ಮೆತ್ತಿದ ಕೆಂಪು ಮಣ್ಣನ್ನು ಅವತ್ತೇ ತೊಳೆಯಲು ಹೋಗಬೇಡಿ, ಬಟ್ಟೆಗೆಲ್ಲ ಹತ್ತುತ್ತದೆ. ಒಂದು ದಿನ ಒಣಗಲು ಬಿಟ್ಟು ಬಡಿದರೆ ಪುಡಿಯಾಗಿ ಉದುರುತ್ತದೆ. ನಮ್ಮಲ್ಲಿ ಆ ಪುಡಿಯನ್ನು ಮಗಳು ಒಂದು ಡಬ್ಬಿಯಲ್ಲಿ ತುಂಬಿ, ಮೇಲೆ ಲಾವಾ ಅಂತ ಬರೆದು, ದೇವರ ಮಾಡದ ಪಕ್ಕ ಇಟ್ಟಿದ್ದಾಳೆ. ಅವ್ವ ಇನ್ನೂ ತೆಗೆದಿಲ್ಲ.